ನೆರೆಯವರ ನಾಣ್ಯ ಬಿದ್ದರೆ ನಮ್ಮ ಕೂಲಿ ಏಕೆ ಅಲುಗುತ್ತದೆ?

ಅರಕಲಗೂಡು ತಾಲ್ಲೂಕಿನ ರಾಮನಾಥಪುರವನ್ನು ಹೊರಗಿನವರು ಬಲ್ಲುದು ಕಾವೇರಿ ದಡದ ಯಾತ್ರಾಸ್ಥಳವೆಂದು. ರಾಮೇಶ್ವರ ದೇವಾಲಯ, ವಹ್ನಿಪುಷ್ಕರಿಣಿಯ ಮೀನುಗಳು, ಸುಬ್ರಹ್ಮಣ್ಯನ ಜಾತ್ರೆ ಇವೇ ಆ ಊರಿನ ಗುರುತು. ಆದರೆ ಸುತ್ತಲ ಹಳ್ಳಿಗಳ ರೈತರಿಗೆ ಇನ್ನೊಂದು ಗುರುತಿದೆ. ಅದು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಮಳೆಗಾಲ ಮುಗಿಯುತ್ತಿದ್ದಂತೆ ಬ್ಯಾರನ್ನಿನಲ್ಲಿ ಬೇಯಿಸಿದ ಹೊಗೆಸೊಪ್ಪು ಬೇಲುಗಳಾಗಿ ಇಲ್ಲಿಗೆ ಬರುತ್ತದೆ. ಸಾಲಾಗಿ ಇಟ್ಟ ಬೇಲುಗಳ ನಡುವೆ ಕಂಪನಿಗಳ ಖರೀದಿದಾರರು ಓಡಾಡುತ್ತಾರೆ, ಸೊಪ್ಪು ಹಿಂಡಿ ನೋಡುತ್ತಾರೆ, ಬೆಲೆ ಹಾಕುತ್ತಾರೆ. ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ವಿದ್ಯುನ್ಮಾನ ಯಂತ್ರದ ಮೂಲಕ ನಡೆಯುತ್ತದೆ.

ಬೆಲೆ ನಮೂದಾಗುವುದು ರೂಪಾಯಿಯಲ್ಲಿ. ಆದರೆ ಆ ಬೆಲೆಯ ಲೆಕ್ಕ ಶುರುವಾಗುವುದು ಡಾಲರಿನಲ್ಲಿ. ಈ ಸೊಪ್ಪಿನ ಹೆಚ್ಚಿನ ಪಾಲು ಹೊರದೇಶಗಳಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಬ್ರೆಜಿಲ್ ಮತ್ತು ಜಿಂಬಾಬ್ವೆಯ ಸೊಪ್ಪು ಎದುರಾಗಿ ನಿಂತಿರುತ್ತದೆ. ಹೀಗಾಗಿ ರಾಮನಾಥಪುರದ ಹರಾಜು ಕಟ್ಟೆಗೆ ಕಣ್ಣಿಗೆ ಕಾಣದ ಇನ್ನಿಬ್ಬರು ಬಂದು ಕೂತಿರುತ್ತಾರೆ. ಒಬ್ಬ ಡಾಲರು. ಇನ್ನೊಬ್ಬ ಬ್ರೆಜಿಲ್ಲಿನ ನಾಣ್ಯ ರಿಯಾಲ್.

ರೂಪಾಯಿ ಬಿದ್ದರೆ ರಫ್ತುದಾರನಿಗೆ ಲಾಭ, ಆಮದುದಾರನಿಗೆ ನಷ್ಟ ಎಂಬ ಮಾತು ಎಲ್ಲರಿಗೂ ಗೊತ್ತು. ಅದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ. ನಮ್ಮ ರೂಪಾಯಿ ಎಷ್ಟು ಬಿದ್ದಿತು ಎಂಬುದಕ್ಕಿಂತ, ಅದೇ ಸರಕನ್ನು ಮಾರುವ ನೆರೆಯವರ ನಾಣ್ಯ ಎಷ್ಟು ಬಿದ್ದಿತು ಎಂಬುದು ಎಷ್ಟೋ ಸಲ ಹೆಚ್ಚು ಮುಖ್ಯವಾಗುತ್ತದೆ. ಇಲ್ಲಿ ‘ನೆರೆಯವರು’ ಎಂದರೆ ಗಡಿಯಾಚೆಯವರು ಮಾತ್ರವಲ್ಲ. ಸಂತೆಯಲ್ಲಿ ಪಕ್ಕದ ಅಂಗಡಿ ಹಾಕಿಕೊಂಡವರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿ ಬಂದರೆ ಇದು ಹೇಗೆ ಎಂಬುದು ತಿಳಿಯುತ್ತದೆ.

ಒಂದು ಸಣ್ಣ ಲೆಕ್ಕ

ಒಂದು ಕಿಲೋ ಹೊಗೆಸೊಪ್ಪಿಗೆ ಹೊರದೇಶದ ಖರೀದಿದಾರ 3 ಡಾಲರು ಕೊಡುತ್ತಾನೆ, ಒಂದು ಡಾಲರಿಗೆ 60 ರೂಪಾಯಿ ಎಂದಿಟ್ಟುಕೊಳ್ಳಿ. ಸಾಗಣೆ, ದಲ್ಲಾಳಿ ಮುಂತಾದ ಖರ್ಚುಗಳನ್ನು ಬಿಟ್ಟರೆ ಕಿಲೋಗೆ 180 ರೂಪಾಯಿ ಆಯಿತು. ರೂಪಾಯಿ ಕುಸಿದು ಡಾಲರಿಗೆ 66 ಆದರೆ ಅದೇ ಸೊಪ್ಪು 198 ರೂಪಾಯಿ ತರುತ್ತದೆ. ರೈತ ಏನೂ ಹೆಚ್ಚಿಗೆ ಮಾಡದೆ 18 ರೂಪಾಯಿ ಹೆಚ್ಚು ಬಂತು. ಪಠ್ಯಪುಸ್ತಕ ಹೇಳುವುದು ಇಷ್ಟನ್ನು.

ಈಗ ಬ್ರೆಜಿಲ್ಲಿನತ್ತ ನೋಡೋಣ. ಅಲ್ಲಿ ಡಾಲರಿಗೆ 2.50 ರಿಯಾಲ್ ಇದ್ದಾಗ 3 ಡಾಲರು ಎಂದರೆ ಏಳೂವರೆ ರಿಯಾಲ್. ರಿಯಾಲ್ ಕುಸಿದು ಡಾಲರಿಗೆ 4 ಆಯಿತೆನ್ನಿ. ಖರೀದಿದಾರ 2.25 ಡಾಲರು ಮಾತ್ರ ಕೊಟ್ಟರೂ ಅಲ್ಲಿನ ರೈತನ ಕೈಗೆ 9 ರಿಯಾಲ್ ಬರುತ್ತದೆ. ಅವನು ಸಂತೋಷದಿಂದ ಮಾರುತ್ತಾನೆ. ಅಲ್ಲಿ ಎರಡೂ ಕಾಲು ಡಾಲರಿಗೆ ಸಿಗುವ ಸೊಪ್ಪಿಗೆ ಇಲ್ಲಿ 3 ಡಾಲರು ಕೊಡುವ ಖರೀದಿದಾರ ಯಾರು? ಅವನು ನಮಗೂ ಎರಡೂವರೆ ಡಾಲರು ಎನ್ನುತ್ತಾನೆ. ಎರಡೂವರೆಯನ್ನು 66ರಿಂದ ಗುಣಿಸಿದರೆ ಬರುವುದು 165 ರೂಪಾಯಿ. ರೂಪಾಯಿಯೂ ಬಿತ್ತು, ರೈತನ ಬೆಲೆಯೂ ಬಿತ್ತು!

ಇದು ಬರೀ ಕಾಗದದ ಲೆಕ್ಕವಲ್ಲ. 2015ರ ಆರಂಭದಲ್ಲಿ ಡಾಲರಿಗೆ ಸುಮಾರು 2.65 ಇದ್ದ ಬ್ರೆಜಿಲ್ಲಿನ ರಿಯಾಲ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ 4 ದಾಟಿತು. ಅದೇ ಅವಧಿಯಲ್ಲಿ ನಮ್ಮ ರೂಪಾಯಿ ಸುಮಾರು 63ರಿಂದ 66ಕ್ಕೆ ಇಳಿದಿತ್ತಷ್ಟೆ. ಜಗತ್ತಿನಲ್ಲಿ ಸೊಪ್ಪೂ ಹೆಚ್ಚಾಗಿತ್ತು. ಆ ವರ್ಷಗಳಲ್ಲಿ ಮೈಸೂರು–ಹಾಸನ ಭಾಗದ ಹರಾಜು ಕಟ್ಟೆಗಳಲ್ಲಿ ಬೆಲೆ ಸಾಲದೆಂಬ ಕೂಗು ಎದ್ದದ್ದು ಬೆಳೆಗಾರರಿಗೆ ನೆನಪಿದೆ.

ಹಾಗಾದರೆ ನೆರೆಯವರ ನಾಣ್ಯ ಕುಸಿದಾಗಲೆಲ್ಲ ಅವರಿಗೆ ಲಾಭವೇ? ಅದೂ ಅಲ್ಲ. ಜಿಂಬಾಬ್ವೆಯ ಕಥೆ ಬೇರೆಯೇ ಆಗಿದೆ. 2000ದಲ್ಲಿ ಸುಮಾರು 23 ಕೋಟಿ ಕಿಲೋ ತಂಬಾಕು ಬೆಳೆದ ಆ ದೇಶ 2008ರಲ್ಲಿ ಬೆಳೆದದ್ದು 5 ಕೋಟಿ ಕಿಲೋಗಿಂತ ಕಡಿಮೆ. ದೊಡ್ಡ ಜಮೀನುಗಳ ವಶಪಡಿಕೆಯಿಂದ ಬೇಸಾಯ ಕದಡಿತು. ನಾಣ್ಯ ಎಷ್ಟು ಕೆಟ್ಟಿತೆಂದರೆ 2009ರಲ್ಲಿ ಜಿಂಬಾಬ್ವೆ ತನ್ನ ಡಾಲರನ್ನೇ ಕೈಬಿಟ್ಟಿತು. ಸ್ವಲ್ಪ ಬಿದ್ದ ನಾಣ್ಯ ಮಾರಾಟಕ್ಕೆ ಅನುಕೂಲ. ಪೂರ್ತಿ ಮುರಿದ ನಾಣ್ಯದಲ್ಲಿ ಗೊಬ್ಬರವೂ ಸಿಗದು, ಸಾಲವೂ ಹುಟ್ಟದು. ಅಲ್ಲಿ ಇಳಿದ ಸೊಪ್ಪಿನ ಜಾಗಕ್ಕೆ ಬೇರೆ ದೇಶಗಳ ಸೊಪ್ಪು ಬಂತು.

ಮಂಜರಾಬಾದಿನ ಬೆಳ್ಳಿ ರೂಪಾಯಿ

ಈ ಸಂಗತಿ ಹಾಸನ ಜಿಲ್ಲೆಗೆ ಹೊಸದೇನೂ ಅಲ್ಲ. ನಾಣ್ಯ ಬದಲಿಸುವಾಗ ಸರಾಫರು ಹಿಡಿದುಕೊಳ್ಳುತ್ತಿದ್ದ ‘ವಟ್ಟ’ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ದೂರದೇಶದ ನಾಣ್ಯದ ಏರಿಳಿತ ಇಲ್ಲಿನ ದುಡಿಮೆಯನ್ನು ತಟ್ಟತೊಡಗಿದ್ದು ಕಾಫಿ ತೋಟಗಳು ಬಂದ ಮೇಲೆ. ಇಂದಿನ ಸಕಲೇಶಪುರ ಸೀಮೆಗೆ ಆಗ ಮಂಜರಾಬಾದು ಎಂದು ಹೆಸರು. ಅಲ್ಲಿ 1856ರಿಂದ ತೋಟ ಮಾಡಿಕೊಂಡಿದ್ದ ರಾಬರ್ಟ್ ಎಲಿಯಟ್ ಎಂಬ ಆಂಗ್ಲ ಬೆಳೆಗಾರ 1894ರಲ್ಲಿ ಮೈಸೂರು ಸೀಮೆಯ ಚಿನ್ನ, ಬೇಟೆ ಮತ್ತು ಕಾಫಿ ಬೇಸಾಯದ ಬಗ್ಗೆ ಒಂದು ದಪ್ಪ ಪುಸ್ತಕ ಪ್ರಕಟಿಸಿದ. ಹುಲಿ ಬೇಟೆಯನ್ನೂ ಗಿಡದ ನೆರಳನ್ನೂ ಕುರಿತು ಬರೆದ ಆ ಪುಸ್ತಕದಲ್ಲಿ ಭಾರತದ ಬೆಳ್ಳಿಯ ಪ್ರಶ್ನೆಗೇ ಒಂದು ಅಧ್ಯಾಯ ಮೀಸಲಾಗಿದೆ. ಕಾಫಿ ಬೆಳೆಗಾರನಿಗೆ ಬೆಳ್ಳಿಯ ಗೊಡವೆ ಏಕೆ?

ಉತ್ತರ ಸರಳ. ಆಗಿನ ರೂಪಾಯಿ ಬೆಳ್ಳಿಯದು, ಪೌಂಡು ಚಿನ್ನದ್ದು. 1870ರ ದಶಕದಿಂದ ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಇಳಿಯತೊಡಗಿತು. ಅದರ ಜೊತೆಗೆ ರೂಪಾಯಿಯೂ ಇಳಿಯಿತು. ಒಂದು ರೂಪಾಯಿಗೆ ಹೆಚ್ಚುಕಡಿಮೆ 2 ಷಿಲಿಂಗ್ ಇದ್ದದ್ದು 1890ರ ದಶಕದಲ್ಲಿ 1 ಷಿಲಿಂಗ್ 4 ಪೆನ್ಸಿಗಿಂತಲೂ ಕೆಳಗೆ ಬಂತು. ರೂಪಾಯಿಗೆ 2 ಷಿಲಿಂಗ್ ಇದ್ದಾಗ ಲಂಡನ್ನಿನಲ್ಲಿ ಕಾಫಿ ಮಾರಿ ಬಂದ ಒಂದು ಪೌಂಡಿಗೆ ಇಲ್ಲಿ 10 ರೂಪಾಯಿ. 1 ಷಿಲಿಂಗ್ 4 ಪೆನ್ಸ್ ಆದಾಗ ಅದೇ ಪೌಂಡಿಗೆ 15 ರೂಪಾಯಿ. ತೋಟದ ಆಳಿನ ಕೂಲಿ ಇದ್ದದ್ದು ಆಣೆಯಲ್ಲಿ. ಪೌಂಡು ಏರಿದಂತೆ ಕೂಲಿಯೂ ಏರಬೇಕೆಂಬ ಏರ್ಪಾಡು ಇರಲಿಲ್ಲ. ಹತ್ತು ಹದಿನೈದಾದ ಲಾಭ ಉಳಿದದ್ದು ಬಂಗಲೆಯಲ್ಲಿ. ಲೈನ್ ಮನೆಗೆ ಅದು ಇಳಿದು ಬರಲಿಲ್ಲ.

ಆದರೆ ಬಂಗಲೆಯ ಸಂತೋಷವೂ ಬಹುಕಾಲ ಉಳಿಯಲಿಲ್ಲ. 1893ರಲ್ಲಿ ಸರ್ಕಾರ ಬೆಳ್ಳಿ ತಂದವರಿಗೆಲ್ಲ ರೂಪಾಯಿ ಅಚ್ಚು ಹಾಕಿಕೊಡುವುದನ್ನು ನಿಲ್ಲಿಸಿತು. ದಶಕದ ಕೊನೆಗೆ ರೂಪಾಯಿ 16 ಪೆನ್ಸಿಗೆ ನೆಲೆ ನಿಂತಿತು. ಅತ್ತ ಬ್ರೆಜಿಲ್ಲಿನ ಆಗಿನ ನಾಣ್ಯ ಮಿಲ್‌ರೇಸ್ 1889ರಲ್ಲಿ 27 ಪೆನ್ಸ್ ಇದ್ದದ್ದು 1898ರ ಹೊತ್ತಿಗೆ ಸುಮಾರು 7 ಪೆನ್ಸಿಗೆ ಜಾರಿತ್ತು. ಬ್ರೆಜಿಲ್ಲಿನ ಕಾಫಿ ಜಗತ್ತಿನ ತುಂಬ ಹರಿಯಿತು, ಬೆಲೆ ಕುಸಿಯಿತು. ಎಲೆರೋಗ, ಕಾಂಡಕೊರಕಗಳ ಕಾಟದಿಂದ ಮೊದಲೇ ಬಳಲಿದ್ದ ಮೈಸೂರಿನ ತೋಟಗಳಿಗೆ ಇದು ದೊಡ್ಡ ಪೆಟ್ಟಾಯಿತು. ಬೀಳುವ ಓಟದಲ್ಲಿ ರೂಪಾಯಿ ನಿಂತಿತು, ನೆರೆಯವರದು ನಿಲ್ಲಲಿಲ್ಲ.

ರೂಪಾಯಿಯ ಇಳಿಜಾರು

ಸ್ವಾತಂತ್ರ್ಯ ಬಂದಾಗ ಒಂದು ರೂಪಾಯಿಗೆ ಒಂದು ಡಾಲರು ಇತ್ತೆಂಬ ನಂಬಿಕೆ ಹಲವರಲ್ಲಿದೆ. ಅದು ಸರಿಯಲ್ಲ. 1947ರಲ್ಲಿ ಡಾಲರಿಗೆ ಸುಮಾರು 3 ರೂಪಾಯಿ 30 ಪೈಸೆ ಇತ್ತು. 1949ರಲ್ಲಿ ಪೌಂಡಿನೊಡನೆ ರೂಪಾಯಿಯನ್ನೂ ಇಳಿಸಿದಾಗ 4.76 ಆಯಿತು. 1966ರ ಜೂನ್ 6ರ ಅಪಮೌಲ್ಯದಿಂದ 7.50ಕ್ಕೆ ಹೋಯಿತು. 1991ರ ಜುಲೈ ಮೊದಲ ವಾರದಲ್ಲಿ ಎರಡು ಕಂತುಗಳಲ್ಲಿ ಮಾಡಿದ ಅಪಮೌಲ್ಯದಿಂದ ಸುಮಾರು 21 ಇದ್ದದ್ದು ಸುಮಾರು 26ಕ್ಕೆ ಏರಿತು. 1993ರಿಂದ ದರ ನಿರ್ಧಾರವನ್ನು ಮಾರುಕಟ್ಟೆಗೆ ಬಿಡಲಾಯಿತು. 1996ರ ಜೂನ್‌ನಲ್ಲಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ಡಾಲರಿಗೆ ಸುಮಾರು 35 ರೂಪಾಯಿ. 2025ರ ಡಿಸೆಂಬರಿನಲ್ಲಿ ಅದು 90 ದಾಟಿತು.

ಇದೇ ಕಾಲದಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ದಶಕಗಳ ಕಾಲ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು. ಹಣ ಕಂತುಗಳಲ್ಲಿ ಬರುತ್ತಿತ್ತು. ತಡವಾಗುತ್ತಿತ್ತು ಎಂಬ ದೂರಿದ್ದರೂ ಹೊರಗಿನ ಏರಿಳಿತ ಮಂಡಳಿಯ ಗೋಡೆಗೆ ತಾಗಿ ಸ್ವಲ್ಪ ಮೆತ್ತಗಾಗಿ ಒಳಗೆ ಬರುತ್ತಿತ್ತು. 1990ರ ದಶಕದಲ್ಲಿ ಈ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮುಗಿಯಿತು. ಅಂದಿನಿಂದ ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್ ಹೇಳಿದ ಬೆಲೆಯೇ ನೇರವಾಗಿ ಕಣಕ್ಕೆ ಬಂದು ನಿಂತಿತು.

ಮೊದಲು ಬಂದದ್ದು ಸುಗ್ಗಿ. 1994ರಲ್ಲಿ ಬ್ರೆಜಿಲ್ಲಿನ ತೋಟಗಳಿಗೆ ಹಿಮ ಬಿದ್ದು ಬೆಲೆ ಗಗನಕ್ಕೇರಿತು. ಆಮೇಲೆ ಬಂದದ್ದು ಬರ. 1999ರ ಜನವರಿಯಲ್ಲಿ ಬ್ರೆಜಿಲ್ ತನ್ನ ನಾಣ್ಯವನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರಿಗೆ 1.21ರ ಆಸುಪಾಸಿನಲ್ಲಿದ್ದ ರಿಯಾಲ್ ಕೆಲವೇ ವಾರಗಳಲ್ಲಿ 2ರ ಹತ್ತಿರ ಬಂತು. 2002ರಲ್ಲಿ ಸುಮಾರು 4 ಆಯಿತು. ವಿಯೆಟ್ನಾಂ ಕೂಡ ಅಪಾರ ರೊಬಸ್ಟಾ ಬೆಳೆಯತೊಡಗಿತ್ತು. 2001ರ ಕೊನೆಯ ಹೊತ್ತಿಗೆ ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ 400 ಡಾಲರಿಗಿಂತ ಕೆಳಗಿಳಿದಿತ್ತು. ಆಗ ನಮ್ಮ ರೂಪಾಯಿ 48ರ ಹತ್ತಿರವಿತ್ತು. 1991ಕ್ಕೆ ಹೋಲಿಸಿದರೆ ಡಾಲರು ಎರಡು ಪಟ್ಟು ದುಬಾರಿ. ಆದರೂ ಬೆಳೆಗಾರ ಮುಳುಗಿದ.

ಬೆಳೆಗಾರ ಮುಳುಗಿದಾಗ ಮೊದಲು ನೀರು ಕುಡಿಯುವವನು ಕೂಲಿಯವನು. ಕಾಫಿ ಕುಯ್ಲಿನ ಕಾಲದಲ್ಲಿ ಮೈದಾನದ ತಾಲ್ಲೂಕುಗಳಿಂದ ಮೇಸ್ತ್ರಿಗಳ ಹಿಂದೆ ಘಟ್ಟಕ್ಕೆ ಹೋಗುವುದು ಹಳೆಯ ವಾಡಿಕೆ. ರಾಗಿ ಕೊಯ್ಲು ಮುಗಿದ ಮೇಲೆ ನಾಲ್ಕು ಕಾಸು ನೋಡುವ ದಾರಿ ಅದು. ಬೆಲೆ ಬಿದ್ದ ವರ್ಷ ತೋಟದವರು ಗಿಡ ಸವರುವುದನ್ನು ಮುಂದೂಡುತ್ತಾರೆ, ಗೊಬ್ಬರ ಕಡಿಮೆ ಮಾಡುತ್ತಾರೆ, ಕಳೆ ತೆಗೆಸುವ ಸುತ್ತುಗಳನ್ನು ಕಡಿತಗೊಳಿಸುತ್ತಾರೆ. ದಿನಗೂಲಿಯ ದರ ಕಾಗದದ ಮೇಲೆ ಹಾಗೆಯೇ ಇರುತ್ತದೆ. ಕೆಲಸದ ದಿನಗಳು ಕರಗುತ್ತವೆ.

ಚನ್ನರಾಯಪಟ್ಟಣದ ತೆಂಗು, ಹೊಳೆನರಸೀಪುರದ ಗದ್ದೆ

ಹೊರದೇಶಕ್ಕೆ ಏನನ್ನೂ ಮಾರದವರು ಈ ಗೋಜಲಿನಿಂದ ಪಾರಾದರೆ? ಇಲ್ಲ. ಚನ್ನರಾಯಪಟ್ಟಣದ ತೆಂಗನ್ನೇ ನೋಡಿ. ಈ ಭಾಗದ ಉಂಡೆ ಕೊಬ್ಬರಿ ಹೆಚ್ಚಾಗಿ ಉತ್ತರ ಭಾರತಕ್ಕೆ ತಿನ್ನಲು ಹೋಗುತ್ತದೆ. ಹಾಗಿದ್ದರೂ ದೇಶದ ಎಣ್ಣೆ ಮಾರುಕಟ್ಟೆಯ ಬಿಸಿ ಅದಕ್ಕೆ ತಟ್ಟದೇ ಇರದು. ಭಾರತ ತನಗೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಅದರಲ್ಲಿ ದೊಡ್ಡ ಪಾಲು ಇಂಡೊನೇಷ್ಯಾ ಮತ್ತು ಮಲೇಷ್ಯಾದ ತಾಳೆ ಎಣ್ಣೆ. ರೂಪಾಯಿ ಇಳಿದರೆ ಆ ಎಣ್ಣೆ ಇಲ್ಲಿ ದುಬಾರಿಯಾಗುತ್ತದೆ. ತೆಂಗು ಬೆಳೆದವನಿಗೆ ಅದೊಂದು ಬೇಲಿಯಿದ್ದಂತೆ. ಆದರೆ ಅದೇ ತೋಟದಲ್ಲಿ ಕಾಯಿ ಸುಲಿಯುವ ಆಳಿನ ಮನೆಯಲ್ಲಿ ಒಗ್ಗರಣೆಗೆ ಬಳಸುವುದು ಅಂಗಡಿಯಿಂದ ತಂದ ಪಾಮೋಲಿನ್ ಪೊಟ್ಟಣ. ಒಂದೇ ತೋಟದ ಬೇಲಿಯೊಳಗೆ ಒಬ್ಬನಿಗೆ ರಕ್ಷಣೆ, ಇನ್ನೊಬ್ಬನಿಗೆ ತುಟ್ಟಿ.

ಹೊಳೆನರಸೀಪುರದ ಹೇಮಾವತಿ ಬಯಲಿನ ಭತ್ತ ಕಡಲು ದಾಟುವ ಬೆಳೆಯಲ್ಲ. ಆದರೆ ಗದ್ದೆಗೆ ಹಾಕುವ ಪೊಟ್ಯಾಷ್ ಗೊಬ್ಬರ ಕಡಲು ದಾಟಿಯೇ ಬರಬೇಕು. ನಮ್ಮ ದೇಶದಲ್ಲಿ ಅದರ ಗಣಿಗಾರಿಕೆ ಇಲ್ಲ. ಉಳುವ ಟ್ರ್ಯಾಕ್ಟರಿನ ಡೀಸೆಲಿಗೆ ಬೇಕಾದ ಕಚ್ಚಾ ತೈಲದಲ್ಲೂ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಆಮದು. ಇವೆಲ್ಲಕ್ಕೂ ಡಾಲರು ಕೊಡಬೇಕು. ಸರ್ಕಾರ ಸಹಾಯಧನ ಹೆಚ್ಚಿಸಿದರೆ ಹೊರೆ ಮರೆಯಾಗುತ್ತದೆ, ಇಲ್ಲವಾದರೆ ಚೀಲದ ಮೇಲೆ ಅಚ್ಚಾಗುತ್ತದೆ. ಡಾಲರನ್ನು ಕಣ್ಣಿನಿಂದ ನೋಡದ ರೈತನೂ ಬೆಳಗಾದರೆ ಡಾಲರಿನ ಗಿರಾಕಿಯೇ.

ಹಾಸನದ ಹೊಲಿಗೆ, ಫೈಸಲಾಬಾದಿನ ಹೊಲಿಗೆ

ಹಾಸನದ ಹೊರವಲಯದ ಕೈಗಾರಿಕಾ ಪ್ರದೇಶದಲ್ಲಿ ಜವಳಿಗೆಂದೇ ವಿಶೇಷ ಆರ್ಥಿಕ ವಲಯ ಬಂದ ಮೇಲೆ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳದ ಕೆಲಸ ಸಿಕ್ಕಿತು. ಇಲ್ಲಿ ತಯಾರಾಗುವ ಹಾಸಿಗೆ ಹೊದಿಕೆ, ದಿಂಬಿನ ಚೀಲಗಳು ಅಮೆರಿಕದ ಅಂಗಡಿಗಳಿಗೆ ಹೋಗುತ್ತವೆ. ಅದೇ ಅಂಗಡಿಯ ಅದೇ ಕಪಾಟಿನಲ್ಲಿ ಪಾಕಿಸ್ತಾನದ ಫೈಸಲಾಬಾದ್, ಕರಾಚಿಗಳಿಂದ ಬಂದ ಹೊದಿಕೆಯೂ ಇರುತ್ತದೆ.

2022ರ ಆರಂಭದಲ್ಲಿ ಡಾಲರಿಗೆ ಸುಮಾರು 177 ಪಾಕಿಸ್ತಾನಿ ರೂಪಾಯಿ ಇತ್ತು. 2023ರ ಸೆಪ್ಟೆಂಬರಿನ ಹೊತ್ತಿಗೆ ಅದು 300 ದಾಟಿತ್ತು. ಅದೇ ಅವಧಿಯಲ್ಲಿ ಭಾರತದ ರೂಪಾಯಿ ಸುಮಾರು 74ರಿಂದ 83ಕ್ಕೆ ಇಳಿಯಿತು. ಬರೀ ನಾಣ್ಯದ ಲೆಕ್ಕ ಹಿಡಿದರೆ ಅಲ್ಲಿನ ಹೊದಿಕೆ ಇಲ್ಲಿನದನ್ನು ಅಂಗಡಿಯಿಂದಲೇ ಓಡಿಸಬೇಕಾಗಿತ್ತು. ಹಾಗಾಗಲಿಲ್ಲ. 2022ರ ಪ್ರವಾಹದಲ್ಲಿ ಅಲ್ಲಿನ ಹತ್ತಿ ಬೆಳೆ ಕೊಚ್ಚಿಹೋಗಿತ್ತು. ಡಾಲರಿಲ್ಲದೆ ಆಮದಿನ ಪೆಟ್ಟಿಗೆಗಳು ಕರಾಚಿ ಬಂದರಿನಲ್ಲಿ ಸಿಕ್ಕಿಕೊಂಡವು. ವಿದ್ಯುತ್ ದುಬಾರಿಯಾಯಿತು. 2023ರ ಮೇ ತಿಂಗಳಲ್ಲಿ ಅಲ್ಲಿನ ಬೆಲೆ ಏರಿಕೆ ನೂರಕ್ಕೆ 38ರ ಮಟ್ಟ ಮುಟ್ಟಿತು.

ಇದರಲ್ಲಿ ಗಮನಿಸಬೇಕಾದ ಮಾತೊಂದಿದೆ. ನಾಣ್ಯ ಬಿದ್ದ ದೇಶದ ಸರಕು ಅಗ್ಗವಾಗುತ್ತದೆ ಎನ್ನುತ್ತೇವೆ. ಅಗ್ಗವಾಗುವುದು ಯಾವುದು? ಯಂತ್ರ ಅಗ್ಗವಾಗುವುದಿಲ್ಲ, ಬಣ್ಣ ಅಗ್ಗವಾಗುವುದಿಲ್ಲ, ಎಣ್ಣೆ ಅಗ್ಗವಾಗುವುದಿಲ್ಲ. ಅವಕ್ಕೆಲ್ಲ ಡಾಲರಿನ ಬೆಲೆ. ಅಗ್ಗವಾಗುವುದು ಹೊಲಿಯುವ ಕೈ. ಫೈಸಲಾಬಾದಿನ ಹೆಣ್ಣುಮಗಳು ಅದೇ ಸಂಬಳದಲ್ಲಿ ಕಡಿಮೆ ಹಿಟ್ಟು ಕೊಂಡಾಗಲೇ ಆ ಹೊದಿಕೆಯ ಬೆಲೆ ಡಾಲರಿನಲ್ಲಿ ಇಳಿಯುತ್ತದೆ. ಹಾಸನದ ಹೆಣ್ಣುಮಗಳಿಗೆ ಎದುರಾಳಿಯಾಗಿ ನಿಂತದ್ದು ಅವಳ ದುಡಿಮೆಯಲ್ಲ, ಅವಳ ಮನೆಯ ಬಡತನ.

ಏರುವಾಗ ನಿಧಾನ, ಇಳಿಯುವಾಗ ಬೇಗ

ಲಾಭದ ವರ್ಷಗಳಲ್ಲಿ ಏನಾಗುತ್ತದೆ? 2024–25ರಲ್ಲಿ ಬ್ರೆಜಿಲ್ ಮತ್ತು ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟದ್ದರಿಂದ ರೊಬಸ್ಟಾ ಟನ್ನಿಗೆ 5,000 ಡಾಲರು ದಾಟಿತು. ಅರೇಬಿಕಾ 2025ರ ಫೆಬ್ರುವರಿಯಲ್ಲಿ ಪೌಂಡು ತೂಕಕ್ಕೆ 4 ಡಾಲರು ಮೀರಿತು. ರೂಪಾಯಿಯೂ ಇಳಿದಿದ್ದರಿಂದ ಸಕಲೇಶಪುರದ ಬೆಳೆಗಾರನಿಗೆ ಎರಡು ಕಡೆಯಿಂದಲೂ ಅನುಕೂಲವಾಯಿತು. ಆ ಬೆಲೆ ಅವನನ್ನು ಮುಟ್ಟಲು ಒಂದು ದಿನ ಸಾಕು. ಕೂಲಿಯ ಕಥೆ ಹಾಗಲ್ಲ. ಅದು ಕನಿಷ್ಠ ವೇತನದ ಆದೇಶಕ್ಕೆ, ಮಾತುಕತೆಗೆ, ಆಳಿನ ಅಭಾವಕ್ಕೆ ಕಾಯಬೇಕು. ಏರಿದ ಡಾಲರು ಕೂಲಿಯ ಕೈಗೆ ವರ್ಷಗಟ್ಟಲೆ ತಡವಾಗಿ ಬರುತ್ತದೆ. ಇಳಿದ ಬೆಲೆ ಮಾತ್ರ ಅದೇ ವಾರ ಬಂದು ‘ನಾಳೆಯಿಂದ ಕೆಲಸವಿಲ್ಲ’ ಎನ್ನುತ್ತದೆ.

ಈ ಏರಿಳಿತವನ್ನು ತಡೆಯಲು ಉಪಾಯಗಳಿಲ್ಲವೆಂದಲ್ಲ. ದೊಡ್ಡ ರಫ್ತುದಾರ ಮುಂದಿನ ತಿಂಗಳುಗಳ ಡಾಲರಿಗೆ ಇಂದೇ ಬ್ಯಾಂಕಿನಲ್ಲಿ ದರ ಗೊತ್ತು ಮಾಡಿಕೊಳ್ಳಬಹುದು. ರಿಸರ್ವ್ ಬ್ಯಾಂಕು ರೂಪಾಯಿಯನ್ನು ಡಾಲರಿನೊಡನೆ ಮಾತ್ರವಲ್ಲದೆ 40 ನಾಣ್ಯಗಳ ಒಂದು ಬುಟ್ಟಿಯೊಡನೆ ಹೋಲಿಸಿ ಅಳೆಯುತ್ತದೆ. ನೆರೆಯವರ ನಾಣ್ಯವನ್ನು ನೋಡದೆ ನಮ್ಮ ನಾಣ್ಯದ ಬೆಲೆ ತಿಳಿಯದೆಂಬುದೇ ಅದರ ಅರ್ಥ. ಕಾಫಿ ಬೆಲೆ ನೆಲಕಚ್ಚಿದ ಮೇಲೆ, 2003ರಲ್ಲಿ, ಕೇಂದ್ರ ಸರ್ಕಾರ ಕಾಫಿ, ಚಹಾ, ರಬ್ಬರ್, ತಂಬಾಕಿನ ಸಣ್ಣ ಬೆಳೆಗಾರರಿಗಾಗಿ ಬೆಲೆ ಸ್ಥಿರೀಕರಣ ನಿಧಿಯೊಂದನ್ನು ತೆರೆಯಿತು. ಸೇರಿದವರು ಕಡಿಮೆ. ಹತ್ತು ವರ್ಷಗಳಲ್ಲಿ ಅದು ಮುಗಿಯಿತು. ಅದರಲ್ಲಿ ಬೆಳೆದವನಿಗೆ ಜಾಗವಿತ್ತು. ಕುಯ್ದವನಿಗೆ, ಬ್ಯಾರನ್ನಿಗೆ ಸೌದೆ ಒಟ್ಟಿದವನಿಗೆ ಜಾಗವಿರಲಿಲ್ಲ.

ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಸಂಜೆ ಬೇಲುಗಳು ಲಾರಿ ಹತ್ತುತ್ತವೆ. ಬೆಲೆ ಬಂದ ವರ್ಷ ಬೆಳೆಗಾರ ಸಾಲ ತೀರಿಸುತ್ತಾನೆ; ಬಾರದ ವರ್ಷ ಮುಂದಿನ ಹಂಗಾಮಿಗೆ ಆಳು ಕಡಿಮೆ ಮಾಡುತ್ತಾನೆ. ಸೌದೆ ಒಟ್ಟಿ, ರಾತ್ರಿಯಿಡೀ ಬ್ಯಾರನ್ನಿನ ಬಿಸಿ ಕಾಯ್ದವನಿಗೆ ರಿಯಾಲ್ ಎಂಬ ನಾಣ್ಯದ ಹೆಸರೂ ಗೊತ್ತಿರಲಾರದು. ಆದರೆ ಅದು ಬಿದ್ದ ವರ್ಷ ಅವನಿಗೆ ಗೊತ್ತಾಗುತ್ತದೆ.